ಒಂದೇ ಕಿಡಿಯ ಸಾಧಕ: ಆಚಾರ್ಯ ಜಗದೀಶಚಂದ್ರ ಬೋಸ್

ಜಗದೀಶಚಂದ್ರ ಬೋಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪ್ರಾಥಮಿಕ ಶಾಲೆಯ ಪಾಠ. ಮುಟ್ಟಿದರೆ ಮುನಿ ಗಿಡ, ಸಸ್ಯಗಳಿಗೂ ಸಂವೇದನೆ ಉಂಟೆಂದು ತೋರಿಸಿಕೊಟ್ಟ ಬಂಗಾಳದ ವಿಜ್ಞಾನಿ. ಅಷ್ಟಕ್ಕೆ ಪಾಠ ಮುಗಿಯುತ್ತಿತ್ತು. ಆದರೆ ಗಿಡಗಳ ಕಡೆಗೆ ತಿರುಗುವ ಮೊದಲು ಬೋಸರು ಹಲವು ವರ್ಷ ವಿದ್ಯುತ್ತಿನ ಕಿಡಿಯೊಡನೆ ದುಡಿದಿದ್ದರು. ಸಣ್ಣ ಬ್ಯಾಟರಿಯ ಕೆಲವೇ ವೋಲ್ಟಿನಿಂದ ಸಾವಿರಾರು ವೋಲ್ಟು ಪಡೆದು, ಅದರಿಂದ ಕಿಡಿ ಹಾರಿಸಿ, ಆ ಕಿಡಿಯಿಂದ ಕಣ್ಣಿಗೆ ಕಾಣದ ಅಲೆಗಳನ್ನು ಎಬ್ಬಿಸಿದ ಕೆಲಸ ಅದು. ಇಂದು ನಮ್ಮ ಕೈಯಲ್ಲಿರುವ ಮೊಬೈಲು, ಹೊಲದ ಸುತ್ತ ಹಾಕಿದ ಸೋಲಾರ್ ಬೇಲಿಯ ಯಂತ್ರ, ಬೈಕಿನ ಎಂಜಿನ್ನಿನಲ್ಲಿ ಹಾರುವ ಕಿಡಿ, ಎಲ್ಲವೂ ಈ ವಿದ್ಯೆಯ ಬಳಗಕ್ಕೇ ಸೇರಿದವು.

ನಮ್ಮ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯಲು ಎರಡು ಕಾರಣಗಳಿವೆ. ಅವರು ಅಕ್ಷರ ಕಲಿತದ್ದು ತಾಯ್ನುಡಿಯ ಹಳ್ಳಿಶಾಲೆಯಲ್ಲಿ, ಬಡವರ ಮಕ್ಕಳ ಪಕ್ಕದಲ್ಲಿ ಕುಳಿತು. ಮುಂದೆ ಜಗತ್ತು ಮೆಚ್ಚಿದ ಉಪಕರಣಗಳನ್ನು ಕಟ್ಟಿದ್ದು ಊರಿನಲ್ಲಿ ಸಿಕ್ಕ ಸಾಮಾನಿನಿಂದ, ಊರಿನ ಕೆಲಸಗಾರನ ಕೈಯಿಂದ.

ತಾಯ್ನುಡಿಯ ಶಾಲೆ

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. ಅವರ ಪೂರ್ವಜರ ಊರು ಢಾಕಾ ಸೀಮೆಯ ವಿಕ್ರಮಪುರದ ರಾಢಿಖಾಲ್. ತಂದೆ ಭಗವಾನಚಂದ್ರ ಬೋಸ್ ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದರು. ಆ ಕಾಲದಲ್ಲಿ ಅಂತಹ ಅಧಿಕಾರಿಯ ಮಗ ಇಂಗ್ಲಿಷ್ ಶಾಲೆಗೆ ಹೋಗುವುದೇ ವಾಡಿಕೆ. ಅದು ಅಂತಸ್ತಿನ ಗುರುತೂ ಹೌದು. ಭಗವಾನಚಂದ್ರರು ಈ ವಾಡಿಕೆಯನ್ನು ಒಪ್ಪಲಿಲ್ಲ. ಮಗು ಮೊದಲು ತನ್ನ ಭಾಷೆಯನ್ನೂ ತನ್ನ ಜನರನ್ನೂ ಅರಿಯಬೇಕು, ಇಂಗ್ಲಿಷ್ ಆಮೇಲೆ ಬರಲಿ ಎಂಬುದು ಅವರ ನಿಲುವಾಗಿತ್ತು. ಹಾಗಾಗಿ ಫರೀದ್‌ಪುರದಲ್ಲಿದ್ದಾಗ ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು.

ಆ ಶಾಲೆಯಲ್ಲಿ ಬಾಲಕ ಜಗದೀಶನ ಬಲಗಡೆ ಕುಳಿತವನು ತಂದೆಯ ಕಚೇರಿಯ ಮುಸಲ್ಮಾನ ಜವಾನನ ಮಗ, ಎಡಗಡೆ ಕುಳಿತವನು ಬೆಸ್ತರ ಹುಡುಗ. ಅವರ ಬಾಯಿಂದ ಹಕ್ಕಿ, ಪ್ರಾಣಿ, ನೀರಿನ ಜೀವಿಗಳ ಕಥೆಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ ಪ್ರಕೃತಿಯ ಕುತೂಹಲ ಅಲ್ಲೇ ಅಂಟಿತು. ಗೆಳೆಯರು ಮನೆಗೆ ಬಂದರೆ ತಾಯಿ ಭೇದವೆಣಿಸದೆ ಎಲ್ಲರಿಗೂ ತಿನ್ನಲು ಕೊಡುತ್ತಿದ್ದರು. ಆಚಾರವಂತ ಮನೆತನದಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಹುಡುಗನನ್ನು ಶಾಲೆಗೆ ಹೊತ್ತೊಯ್ಯುತ್ತಿದ್ದವನು ಒಬ್ಬ ಹಳೆಯ ದರೋಡೆಕೋರ. ಭಗವಾನಚಂದ್ರರೇ ಅವನಿಗೆ ಸೆರೆವಾಸ ವಿಧಿಸಿದ್ದರು. ಬಿಡುಗಡೆಯಾಗಿ ಬಂದವನಿಗೆ ಬೇರೆಲ್ಲೂ ಕೆಲಸ ಸಿಗದಿದ್ದಾಗ ಅವರೇ ಮನೆಯಲ್ಲಿ ಕೆಲಸಕ್ಕಿಟ್ಟುಕೊಂಡರು.

ತಂದೆ ಬರ್ದ್ವಾನಿಗೆ ವರ್ಗವಾದ ಕಾಲದಲ್ಲಿ ಅಲ್ಲಿ ಜ್ವರದ ಪಿಡುಗು ಹಬ್ಬಿ ಅನೇಕ ಮಕ್ಕಳು ಅನಾಥರಾದರು. ಅವರಿಗೆ ಕಸುಬು ಕಲಿಸಲೆಂದು ಭಗವಾನಚಂದ್ರರು ತಮ್ಮ ಮನೆಯ ಆವರಣದಲ್ಲೇ ಮರಗೆಲಸ, ಲೋಹದ ಕೆಲಸಗಳ ಕಾರ್ಯಾಗಾರ ತೆರೆದರು. ರಜೆಯಲ್ಲಿ ಮನೆಗೆ ಬಂದಾಗ ಜಗದೀಶನೂ ಅಲ್ಲಿ ಕೈಯಾಡಿಸಿದ. ಮನೆಯ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಕರಗಿಸಿ ಪುಟ್ಟದೊಂದು ಫಿರಂಗಿಯನ್ನೂ ಎರಕ ಹೊಯ್ದ. ಸುತ್ತಿಗೆ, ಅರ, ಚಿಮ್ಮಟ ಹಿಡಿಯುವುದು ಮರ್ಯಾದಸ್ಥರ ಕೆಲಸವಲ್ಲ ಎಂಬ ಭಾವನೆ ಆ ಮನೆಯಲ್ಲಿ ಇರಲಿಲ್ಲ. ಮುಂದೆ ಈ ಕೈಗೆಲಸವೇ ಅವರನ್ನು ಕಾಯ್ದಿತು.

ಕಲ್ಕತ್ತೆಯಿಂದ ಕೇಂಬ್ರಿಜ್‌ಗೆ

1869ರಲ್ಲಿ ಹನ್ನೊಂದರ ಹುಡುಗ ಕಲ್ಕತ್ತೆಗೆ ಬಂದು ಮೊದಲು ಹೇರ್ ಶಾಲೆ, ಅನಂತರ ಸೇಂಟ್ ಝೇವಿಯರ್ಸ್ ಶಾಲೆ ಮತ್ತು ಕಾಲೇಜು ಸೇರಿದ. ಅಲ್ಲಿ ಫಾದರ್ ಲಾಫೋಂ ಎಂಬ ಪಾದ್ರಿ ಭೌತವಿಜ್ಞಾನ ಕಲಿಸುತ್ತಿದ್ದರು. ಪ್ರಯೋಗ ಮಾಡಿ ತೋರಿಸದೆ ಅವರು ಪಾಠ ಮುಗಿಸುತ್ತಿರಲಿಲ್ಲ. ಒಬ್ಬ ಒಳ್ಳೆಯ ಮೇಷ್ಟ್ರು ಒಬ್ಬ ಹುಡುಗನ ಬಾಳನ್ನು ಹೇಗೆ ತಿರುಗಿಸಬಲ್ಲರು ಎಂಬುದಕ್ಕೆ ಲಾಫೋಂ ಅವರೇ ಸಾಕ್ಷಿ.

1880ರಲ್ಲಿ ಬೋಸರು ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಹೊರಡುವ ಮೊದಲೇ ಅಂಟಿದ್ದ ಜ್ವರ ಅಲ್ಲಿಯೂ ಬಿಡಲಿಲ್ಲ. ಶವಚ್ಛೇದನದ ಕೋಣೆಯ ಗಾಳಿ ಅದನ್ನು ಇನ್ನಷ್ಟು ಕೆಣಕಿತು. ವೈದ್ಯಕೀಯ ಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ವಿಜ್ಞಾನ ಓದಿದರು. ಲಾರ್ಡ್ ರೇಲೀ ಅವರಂತಹ ಭೌತವಿಜ್ಞಾನಿ ಅಲ್ಲಿ ಗುರುಗಳಾಗಿ ದೊರೆತರು. 1884ರಲ್ಲಿ ಕೇಂಬ್ರಿಜ್ ಮತ್ತು ಲಂಡನ್ ಎರಡೂ ವಿಶ್ವವಿದ್ಯಾಲಯಗಳ ಪದವಿ ಪಡೆದು ಮರುವರ್ಷ ತಾಯ್ನಾಡಿಗೆ ಮರಳಿದರು.

ಸಂಬಳ ಮುಟ್ಟದ ಮೂರು ವರ್ಷ

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬೋಸರಿಗೆ ಭೌತವಿಜ್ಞಾನದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು, ಅದೂ ಹಂಗಾಮಿಯಾಗಿ. ಭಾರತೀಯರಿಗೆ ವಿಜ್ಞಾನ ಕಲಿಸುವ ಯೋಗ್ಯತೆ ಇಲ್ಲವೆಂದು ಬಗೆದ ಅಧಿಕಾರಿಗಳು ಆಗ ಶಿಕ್ಷಣ ಇಲಾಖೆಯಲ್ಲಿದ್ದರು. ಅದೇ ಕೆಲಸಕ್ಕೆ ಐರೋಪ್ಯರಿಗೆ ಸಿಗುವ ಸಂಬಳದ ಮೂರನೇ ಎರಡು ಭಾಗ ಮಾತ್ರ ಭಾರತೀಯರಿಗೆ. ಹಂಗಾಮಿ ಎಂಬ ನೆಪದಲ್ಲಿ ಬೋಸರಿಗೆ ಅದರಲ್ಲಿಯೂ ಅರ್ಧ.

ಬೋಸರು ಕೆಲಸ ಬಿಡಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಒಂದಲ್ಲ ಎರಡಲ್ಲ, ಮೂರು ವರ್ಷ ಪಾಠ ಹೇಳಿದರು, ಪ್ರಯೋಗ ಮಾಡಿ ತೋರಿಸಿದರು, ಬರಿಗೈಯಲ್ಲಿ ಮನೆಗೆ ಹೋದರು. ಅದೇ ಹೊತ್ತಿನಲ್ಲಿ ತಂದೆ ಜನೋಪಕಾರದ ಉದ್ಯಮಗಳಲ್ಲಿ ಹಣ ಕಳೆದುಕೊಂಡು ಸಾಲದಲ್ಲಿ ಮುಳುಗಿದ್ದರು. 1887ರಲ್ಲಿ ಬೋಸರ ಕೈಹಿಡಿದ ಅಬಲಾ ದೇವಿಯವರು ಈ ಕಷ್ಟದಲ್ಲಿ ಸಮಪಾಲು ಹೊತ್ತರು. ಕೊನೆಗೆ ಸರ್ಕಾರವೇ ಮಣಿದು ಅವರನ್ನು ಖಾಯಂ ಮಾಡಿ, ಪೂರ್ಣ ಸಂಬಳವನ್ನು ಹಿಂದಿನಿಂದ ಲೆಕ್ಕ ಹಾಕಿ ಒಟ್ಟಿಗೆ ಕೊಟ್ಟಿತು. ಆ ಹಣ ತಂದೆಯ ಸಾಲಕ್ಕೆ ಹೋಯಿತು.

ಕಾಲೇಜಿನಲ್ಲಿ ಸಂಶೋಧನೆಗೆಂದು ಪ್ರಯೋಗಾಲಯ ಇರಲಿಲ್ಲ. ಪಾಠದ ಹೊರೆಯೂ ಕಡಿಮೆ ಇರಲಿಲ್ಲ. 1894ರ ನವೆಂಬರ್ 30ರಂದು, ತಮಗೆ ಮೂವತ್ತಾರು ತುಂಬಿದ ದಿನ, ಇನ್ನು ಮುಂದಿನ ಬದುಕು ಸಂಶೋಧನೆಗೆ ಎಂದು ಬೋಸರು ನಿಶ್ಚಯಿಸಿದರು. ಸಿಕ್ಕ ಜಾಗ ಸುಮಾರು 24 ಚದರ ಅಡಿಯ ಒಂದು ಸಣ್ಣ ಕೋಣೆ. ನಮ್ಮ ಹಳ್ಳಿಮನೆಗಳ ಬಚ್ಚಲೂ ಇದಕ್ಕಿಂತ ದೊಡ್ಡದು. ಸಹಾಯಕ್ಕೆ ಸಿಕ್ಕವನು ಓದು ಬರಹ ಬಾರದ ಒಬ್ಬ ತಗಡಿನ ಕೆಲಸದವನು. ಬೋಸರು ಹೇಳಿಕೊಟ್ಟರು, ಅವನು ಬಡಿದು, ಬಗ್ಗಿಸಿ, ಬೆಸೆದು ಕೊಟ್ಟ.

ಕಿಡಿ ಹುಟ್ಟುವ ಬಗೆ

ಬೋಸರ ಕೆಲಸದ ಬೆಲೆ ತಿಳಿಯಬೇಕಾದರೆ ಅವರ ಮುಂದಿದ್ದ ತೊಡಕನ್ನು ತಿಳಿಯಬೇಕು. ಬೆಳಕು, ವಿದ್ಯುತ್ತು, ಕಾಂತತೆ ಒಂದೇ ಬಳಗದವು, ವಿದ್ಯುತ್ತಿನಿಂದಲೂ ಬೆಳಕಿನಂತಹ ಅಲೆಗಳನ್ನು ಎಬ್ಬಿಸಬಹುದು ಎಂದು ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ಹೇಳಿದ್ದರು. ಜರ್ಮನಿಯ ಹೈನ್ರಿಕ್ ಹರ್ಟ್ಸ್ 1887–88ರಲ್ಲಿ ಕಿಡಿ ಹಾರಿಸಿ ಅಂತಹ ಅಲೆಗಳನ್ನು ಎಬ್ಬಿಸಿ ತೋರಿಸಿದರು. ಕಿಡಿ ಹಾರಬೇಕಾದರೆ ಹೆಚ್ಚಿನ ವೋಲ್ಟೇಜು ಬೇಕು. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಸಂದನ್ನು ಕಿಡಿ ದಾಟಲು ಸುಮಾರು 3,000 ವೋಲ್ಟು ಬೇಕಾಗುತ್ತದೆ. ಬ್ಯಾಟರಿಯ ಒಂದು ಕೋಶ ಕೊಡುವುದು ಎರಡು ವೋಲ್ಟು. ಈ ಎರಡರ ನಡುವಿನ ಏಣಿಯೇ ಇಂಡಕ್ಷನ್ ಕಾಯಿಲ್, ಅಂದರೆ ಪ್ರೇರಣ ಸುರುಳಿ.

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಅದನ್ನು ಕಂಡವರು ಇದ್ದೀರಿ. ಮೆದು ಕಬ್ಬಿಣದ ತಂತಿಗಳ ಕಟ್ಟು; ಅದರ ಮೇಲೆ ದಪ್ಪ ತಂತಿಯ ಕೆಲವೇ ಸುತ್ತು, ಅದು ಪ್ರಾಥಮಿಕ ಸುರುಳಿ; ಅದರ ಮೇಲೆ ಕೂದಲೆಳೆಯಂತಹ ತಂತಿಯ ಸಾವಿರಾರು ಸುತ್ತು, ಅದು ದ್ವಿತೀಯಕ ಸುರುಳಿ. ನಮ್ಮೂರಿನ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಕೂಡ ಇದೇ ತತ್ತ್ವದ್ದು. ಆದರೆ ಕಂಬದ ಮೇಲಿನದಕ್ಕೆ ಬರುವ ಕರೆಂಟು ತಾನೇ ಸೆಕೆಂಡಿಗೆ 50 ಆವರ್ತದಂತೆ ಹಿಂದೆ ಮುಂದೆ ಹರಿಯುತ್ತದೆ. ಬ್ಯಾಟರಿಯ ಕರೆಂಟು ಒಂದೇ ಕಡೆಗೆ, ಒಂದೇ ಸಮನೆ ಹರಿಯುವಂಥದು. ಒಂದೇ ಸಮನೆ ಹರಿಯುವ ಕರೆಂಟಿನಿಂದ ಪಕ್ಕದ ಸುರುಳಿಯಲ್ಲಿ ಏನೂ ಹುಟ್ಟದು. ಕರೆಂಟು ಬದಲಾದಾಗ ಮಾತ್ರ ಹುಟ್ಟುತ್ತದೆ. ಇದನ್ನು ಫ್ಯಾರಡೆ 1831ರಲ್ಲೇ ಕಂಡಿದ್ದರು. ಬದಲಾವಣೆ ಎಷ್ಟು ಥಟ್ಟನೆ ಆದರೆ ಅಷ್ಟು ಹೆಚ್ಚು ವೋಲ್ಟೇಜು. ಪಂಪ್‌ಸೆಟ್ಟಿನ ಪೈಪಿನಲ್ಲಿ ನೀರು ರಭಸದಿಂದ ಹರಿಯುವಾಗ ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪು ಅದುರುವಷ್ಟು ಒತ್ತಡ ಹುಟ್ಟುತ್ತದಲ್ಲವೇ, ಇದೂ ಹಾಗೆಯೇ.

ಆದ್ದರಿಂದ ಸುರುಳಿಯಷ್ಟೇ ಮುಖ್ಯವಾದುದು ಅದರ ಕರೆಂಟನ್ನು ಕಡಿಯುವ ಸಾಧನ. ಆ ಕಾಲದ ಸುರುಳಿಗಳಲ್ಲಿ ಕರೆಗಂಟೆಯಲ್ಲಿರುವಂತಹ ಅದುರುವ ನಾಲಗೆ ಇರುತ್ತಿತ್ತು. ಅದು ಸೆಕೆಂಡಿಗೆ ಹಲವು ಬಾರಿ ಕರೆಂಟನ್ನು ಜೋಡಿಸಿ ಕಡಿಯುತ್ತಿತ್ತು, ಕಿಡಿಗಳು ಒಂದರ ಹಿಂದೆ ಒಂದು ಹಾರುತ್ತಿದ್ದವು. ಯುರೋಪಿನ ಪ್ರಯೋಗಾಲಯಗಳಲ್ಲಿ ದೊಡ್ಡ ಸುರುಳಿ, ಉದ್ದನೆಯ ಕಿಡಿ ಎಂದರೆ ಹೆಮ್ಮೆಯ ವಿಷಯ.

ಬೋಸರ ಪೆಟ್ಟಿಗೆ

ಬೋಸರು ಹಿಡಿದದ್ದು ಬೇರೆ ದಾರಿ. ಹರ್ಟ್ಸ್ ಎಬ್ಬಿಸಿದ ಅಲೆಗಳು ಉದ್ದವಾಗಿದ್ದವು. ಅವುಗಳ ಗುಣ ಪರೀಕ್ಷಿಸಲು ಆಳೆತ್ತರದ ಕನ್ನಡಿ, ಮಣಗಟ್ಟಲೆ ತೂಕದ ಪಟ್ಟಕ ಬೇಕಾಗುತ್ತಿದ್ದವು. ಪುಟ್ಟ ಕೋಣೆಯಲ್ಲಿ ಅದು ಆಗದ ಮಾತು. ಅಲೆ ಚಿಕ್ಕದಾದರೆ ಉಪಕರಣವೂ ಚಿಕ್ಕದಾಗುತ್ತದೆ, ಬೆಳಕಿನೊಡನೆ ಹೋಲಿಕೆಯೂ ಸುಲಭವಾಗುತ್ತದೆ. ಅಲೆ ಚಿಕ್ಕದಾಗಬೇಕಾದರೆ ಕಿಡಿ ಹಾರುವ ಗೋಲಿಗಳೂ ಚಿಕ್ಕವಾಗಬೇಕು. ಬೋಸರು ಎರಡು ಸಣ್ಣ ಮಣಿಗಳ ನಡುವೆ ಒಂದು ಗೋಲಿ ಇಟ್ಟು ಕಿಡಿ ಹಾರಿಸಿದರು. ಹೀಗೆ 2.5 ಸೆಂಟಿಮೀಟರಿನಿಂದ 5 ಮಿಲಿಮೀಟರಿನವರೆಗೆ ತರಂಗದೂರ ಇರುವ ಅಲೆಗಳು ಅವರಿಗೆ ದೊರೆತವು.

ಆದರೆ ಕಿಡಿ ಹಾರುತ್ತ ಹಾರುತ್ತ ಗೋಲಿಯ ಮೈ ಸುಟ್ಟು ಒರಟಾಗುತ್ತಿತ್ತು. ಒರಟಾದ ಗೋಲಿಯಿಂದ ಅಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇತರರು ಗೋಲಿಗಳನ್ನು ಎಣ್ಣೆಯಲ್ಲಿ ಮುಳುಗಿಸಿಡುತ್ತಿದ್ದರು, ಪದೇ ಪದೇ ಉಜ್ಜಿ ಹೊಳಪು ಕೊಡುತ್ತಿದ್ದರು. ಬೋಸರು ಕಾರಣವನ್ನೇ ಹುಡುಕಿ ಎರಡು ಮದ್ದು ಕಂಡುಕೊಂಡರು. ಮೊದಲನೆಯದು, ಸುಲಭವಾಗಿ ಕೆಡದ ಪ್ಲಾಟಿನಂ ಲೋಹದ ಬಳಕೆ. ಎರಡನೆಯದು ಇನ್ನೂ ಜಾಣತನದ್ದು: ಅದುರುವ ನಾಲಗೆಯನ್ನೇ ತೆಗೆದುಹಾಕಿದರು. ಒಂದು ಪ್ರಯೋಗಕ್ಕೆ ಒಂದೇ ಕಿಡಿ ಸಾಕು. ನೂರು ಕಿಡಿ ಹಾರಿಸಿ ಗೋಲಿ ಸುಡುವುದೇಕೆ? ತಂತಿ ಕಚೇರಿಯಲ್ಲಿ ಇರುತ್ತಿದ್ದಂತಹ ಒತ್ತುಕೀಲಿಯನ್ನು ಅಳವಡಿಸಿದರು. ಒತ್ತಿ ಬಿಟ್ಟರೆ ಕರೆಂಟು ಕಡಿದು ಒಂದು ಕಿಡಿ ಹಾರುವುದು, ಅಲೆಯ ಒಂದೇ ಒಂದು ಮಿಂಚು ಹೊರಡುವುದು.

ಸುರುಳಿ ಮತ್ತು ಬ್ಯಾಟರಿಯನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿದರು. ಒಳಗೆ ಮೆದು ಕಬ್ಬಿಣದ ಹೊದಿಕೆ, ಹೊರಗೆ ತಾಮ್ರದ ಹೊದಿಕೆ. ಸುರುಳಿಯ ಕಾಂತತೆಯಾಗಲಿ ದಾರಿ ತಪ್ಪಿದ ಅಲೆಯಾಗಲಿ ಹೊರಬಂದು ಗ್ರಾಹಕವನ್ನು ಕೆಡಿಸಬಾರದೆಂಬ ಮುನ್ನೆಚ್ಚರಿಕೆ ಇದು. ಅಲೆ ಹೊರಬರಲು ಒಂದು ಕೊಳವೆ ಮಾತ್ರ ಬಾಯಿ ತೆರೆದಿತ್ತು. ಇಷ್ಟೆಲ್ಲ ಅಡಗಿದ ಆ ಪೆಟ್ಟಿಗೆಯ ಎತ್ತರ ಒಂದು ಗೇಣಿಗಿಂತ ಕಡಿಮೆ. ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾಗಿತ್ತು.

ಸೆಣಬು, ಗಂಧಕ, ರೈಲ್ವೆ ವೇಳಾಪಟ್ಟಿ

ಅಲೆ ಸಿಕ್ಕಿದ ಮೇಲೆ ಅದು ಬೆಳಕಿನಂತೆಯೇ ವರ್ತಿಸುವುದೇ ಎಂದು ನೋಡಬೇಕಿತ್ತು. ಬೆಳಕನ್ನು ಬಾಗಿಸಲು ಗಾಜಿನ ಪಟ್ಟಕವಿದೆ. ಬೋಸರು ಗಂಧಕವನ್ನು ಕರಗಿಸಿ ಎರಕ ಹೊಯ್ದು ಪಟ್ಟಕ ಮಾಡಿಕೊಂಡರು. ಅಲೆ ಅದರಲ್ಲಿ ಬಾಗಿತು. ಬೆಳಕನ್ನು ಧ್ರುವೀಕರಿಸಲು ವಿಶೇಷ ಹರಳುಗಳು ಬೇಕು. ಬೋಸರು ಬ್ರಾಡ್‌ಶಾ ಎಂಬ ದಪ್ಪ ರೈಲ್ವೆ ವೇಳಾಪಟ್ಟಿಯ ಪುಸ್ತಕವನ್ನೇ ತೆಗೆದುಕೊಂಡು ಹಾಳೆಗಳ ನಡುವೆ ತವರದ ತೆಳು ಹಾಳೆಗಳನ್ನು ಸೇರಿಸಿದರು. ಅದು ಉತ್ತಮ ಧ್ರುವೀಕಾರಕವಾಯಿತು. ಬಂಗಾಳದ ಬೆಳೆಯಾದ ಸೆಣಬಿನ ನಾರನ್ನು ಹುರಿಗೊಳಿಸಿ ಅಲೆಯ ದಾರಿಯಲ್ಲಿಟ್ಟರು. ಬಲಕ್ಕೆ ಹುರಿ ಮಾಡಿದ ಸೆಣಬು ಅಲೆಯ ಕಂಪನದ ತಲವನ್ನು ಒಂದು ಕಡೆಗೂ ಎಡಕ್ಕೆ ಹುರಿ ಮಾಡಿದ್ದು ಇನ್ನೊಂದು ಕಡೆಗೂ ತಿರುಗಿಸಿತು. ಸಕ್ಕರೆಯ ದ್ರಾವಣ ಬೆಳಕನ್ನು ಹೇಗೆ ತಿರುಗಿಸುತ್ತದೆ ಎಂಬುದನ್ನು ಹುರಿ ಮಾಡಿದ ಸೆಣಬಿನಿಂದ ವಿವರಿಸಿದ ಪ್ರಯೋಗವದು.

ಅಲೆಯನ್ನು ಹಿಡಿಯುವ ಗ್ರಾಹಕವೂ ಮನೆಯ ತಯಾರಿಕೆಯೇ. ಬೇರೆಯವರು ಗಾಜಿನ ಕೊಳವೆಯಲ್ಲಿ ಲೋಹದ ಪುಡಿ ತುಂಬುತ್ತಿದ್ದರು, ಅದು ನೆಚ್ಚಿಕೆಯದಾಗಿರಲಿಲ್ಲ. ಬೋಸರು ಸಣ್ಣ ಉಕ್ಕಿನ ಸ್ಪ್ರಿಂಗುಗಳನ್ನು ಸಾಲಾಗಿ ಒತ್ತಿಟ್ಟು, ಒತ್ತಡವನ್ನು ಬೇಕಾದಷ್ಟಕ್ಕೆ ಹೊಂದಿಸುವ ಏರ್ಪಾಡು ಮಾಡಿದರು. ಅಲೆಯನ್ನು ಒಟ್ಟುಗೂಡಿಸಲು ಲಾಳಿಕೆಯಾಕಾರದ ಲೋಹದ ಬಾಯಿ ಇಟ್ಟರು. ಇಂದು ಎಂಜಿನಿಯರುಗಳು ಹಾರ್ನ್ ಆಂಟೆನಾ ಎಂದು ಕರೆಯುವುದು ಇದನ್ನೇ.

ಪುರಭವನದಲ್ಲಿ

1895ರ ಸುಮಾರಿಗೆ ಕಲ್ಕತ್ತೆಯ ಪುರಭವನದಲ್ಲಿ ಬೋಸರು ಸಾರ್ವಜನಿಕರ ಮುಂದೆ ಈ ಅಲೆಗಳ ಪ್ರಯೋಗ ತೋರಿಸಿದರು. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಕೂಡ ಸಭೆಯಲ್ಲಿದ್ದರು. ಅಲೆ ಅವರ ಭಾರಿ ಮೈಯನ್ನೂ ಗೋಡೆಗಳನ್ನೂ ಹಾದು, ಸುಮಾರು 75 ಅಡಿ ದೂರದ ಕೋಣೆಯಲ್ಲಿ ಗಂಟೆ ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿತು. ನಡುವೆ ಒಂದೆಳೆ ತಂತಿಯೂ ಇರಲಿಲ್ಲ.

ಅದೇ ವರ್ಷ ಅವರ ಮೊದಲ ಪ್ರಬಂಧ ಬಂಗಾಳದ ಏಷ್ಯಾಟಿಕ್ ಸೊಸೈಟಿಯಲ್ಲಿ ಮಂಡನೆಯಾಯಿತು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಡಿ.ಎಸ್ಸಿ. ಪದವಿ ನೀಡಿತು. 1897ರ ಜನವರಿಯಲ್ಲಿ, ಫ್ಯಾರಡೆ ದುಡಿದ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೇ, ಕಲ್ಕತ್ತೆಯ ತಗಡಿನ ಕೆಲಸದವನು ಬೆಸೆದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬೋಸರು ಉಪನ್ಯಾಸ ನೀಡಿದರು. ಲಾರ್ಡ್ ಕೆಲ್ವಿನ್ ಅವರಂತಹ ಹಿರಿಯರು ಮನಸಾರೆ ಮೆಚ್ಚಿದರು.

ರೇಡಿಯೋ ಕಂಡುಹಿಡಿದವರು ಬೋಸರೋ ಮಾರ್ಕೋನಿಯೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಇಬ್ಬರ ಗುರಿಯೂ ಬೇರೆಯಾಗಿತ್ತು ಎಂಬುದು ನ್ಯಾಯವಾದ ಮಾತು. ಮಾರ್ಕೋನಿ ಉದ್ದನೆಯ ಅಲೆಗಳಿಂದ ದೂರದೂರಕ್ಕೆ ಸುದ್ದಿ ಕಳಿಸುವ ವ್ಯವಸ್ಥೆಯನ್ನು ಕಟ್ಟಿ ವ್ಯಾಪಾರಕ್ಕೆ ಇಳಿದರು. ಬೋಸರು ಕಿರಿದಾದ ಅಲೆಗಳ ಸ್ವಭಾವವನ್ನು ಅಳೆದರು. ಅಂದು ಯಾರಿಗೂ ಬೇಡವಾಗಿದ್ದ ಆ ಮಿಲಿಮೀಟರ್ ಅಲೆಗಳು ಇಂದು ರೇಡಾರು ಮತ್ತು ಹೊಸ ಪೀಳಿಗೆಯ ನಿಸ್ತಂತು ಸಂಪರ್ಕದಲ್ಲಿ ಬಳಕೆಗೆ ಬಂದಿವೆ. ಅಂತಾರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ ಐಇಇಇ 2012ರಲ್ಲಿ ಈ ಪ್ರಯೋಗಗಳನ್ನು ತನ್ನ ಮೈಲಿಗಲ್ಲುಗಳ ಪಟ್ಟಿಗೆ ಸೇರಿಸಿತು.

ಬೇಡವೆಂದ ಸಂಪತ್ತು

1901ರಲ್ಲಿ ಬೋಸರು ಲಂಡನ್ನಿನಲ್ಲಿದ್ದಾಗ ತಂತಿ ಸಂಪರ್ಕದ ದೊಡ್ಡ ಉದ್ಯಮಿಯೊಬ್ಬರು ಪೇಟೆಂಟಿನ ಕಾಗದ ಹಿಡಿದೇ ಬಂದರು. ಸಂಶೋಧನೆಯ ಗುಟ್ಟನ್ನು ಉಪನ್ಯಾಸದಲ್ಲಿ ಬಿಟ್ಟುಕೊಡಬಾರದು, ಲಾಭದಲ್ಲಿ ಪಾಲು ಕೊಡುತ್ತೇನೆ ಎಂಬುದು ಅವರ ಬೇಡಿಕೆ. ಬೋಸರು ಒಪ್ಪಲಿಲ್ಲ. ಅರಿವನ್ನು ಕಟ್ಟಿಡುವುದು ಅವರ ಮನಸ್ಸಿಗೆ ಒಗ್ಗದ ಸಂಗತಿ. ಈ ವಿಚಾರವನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದು ತಿಳಿಸಿದ್ದರು.

ಆದರೂ ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಅವರ ಒತ್ತಾಯದಿಂದ ಒಂದು ಪೇಟೆಂಟ್ ದಾಖಲಾಯಿತು. ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ಲೋಹದ ಮೊನೆ ತಾಗಿಸಿ ಅಲೆಯನ್ನು ಹಿಡಿಯುವ ಸಾಧನಕ್ಕೆ 1904ರ ಮಾರ್ಚ್ 29ರಂದು ಅಮೆರಿಕ ಪೇಟೆಂಟ್ ನೀಡಿತು. ಅರೆವಾಹಕ ಸಾಧನವೊಂದಕ್ಕೆ ದೊರೆತ ಮೊದಲ ಪೇಟೆಂಟುಗಳಲ್ಲಿ ಅದು ಸೇರಿದೆ. ಬೋಸರು ಅದರಿಂದ ಹಣ ಮಾಡಲು ಮುಂದಾಗಲೇ ಇಲ್ಲ.

ಗಿಡಗಳ ಕಡೆಗೆ

ಗ್ರಾಹಕವನ್ನು ಬಹಳ ಹೊತ್ತು ಬಳಸಿದರೆ ಅದು ದಣಿದಂತೆ ಮಂಕಾಗುತ್ತಿತ್ತು, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತಿತ್ತು. ಲೋಹಕ್ಕೂ ದಣಿವೇ ಎಂಬ ಈ ಬೆರಗೇ ಬೋಸರನ್ನು ಜೀವಿಗಳ ಕಡೆಗೆ ಎಳೆಯಿತು. ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ಕಟ್ಟಿದರು. ಈ ದಾರಿ ಸುಗಮವಾಗಿರಲಿಲ್ಲ. 1901ರಲ್ಲಿ ರಾಯಲ್ ಸೊಸೈಟಿಯಲ್ಲಿ ಹಿರಿಯ ಜೀವವಿಜ್ಞಾನಿಗಳು ಆಕ್ಷೇಪವೆತ್ತಿದರು, ಪ್ರಬಂಧದ ಅಚ್ಚು ತಡೆಯಿತು. ಅವರ ಕೆಲವು ತೀರ್ಮಾನಗಳ ಬಗ್ಗೆ ವಾದ ಮುಂದೆಯೂ ನಡೆದೇ ಇತ್ತು. ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆ ಎಂಬ ಮೂಲ ಮಾತನ್ನು ಇಂದಿನ ವಿಜ್ಞಾನ ಒಪ್ಪಿದೆ. 1920ರಲ್ಲಿ ಅದೇ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

1915ರಲ್ಲಿ ಕಾಲೇಜಿನಿಂದ ನಿವೃತ್ತರಾದ ಬೋಸರು ತಮ್ಮ ಉಳಿತಾಯವನ್ನೂ ದಾನಿಗಳ ಹಣವನ್ನೂ ಸೇರಿಸಿ 1917ರ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ತೆರೆದರು. ತಮಗೆ ಸಿಗದಿದ್ದ ಪ್ರಯೋಗಾಲಯ ಮುಂದಿನವರಿಗೆ ಸಿಗಲಿ ಎಂಬುದೇ ಅದರ ಉದ್ದೇಶ. ಅವರ ಶಿಷ್ಯರಲ್ಲಿ ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಅವರಂತಹ ಘಟಾನುಘಟಿಗಳಿದ್ದರು. ಬಂಗಾಳಿಯಲ್ಲಿಯೂ ಅವರು ಬರೆದರು. 1896ರಲ್ಲಿ ಬರೆದ ಅವರ ಒಂದು ಕಥೆಯನ್ನು ಭಾರತೀಯ ಭಾಷೆಗಳ ಆರಂಭದ ವಿಜ್ಞಾನ ಕಥೆಗಳ ಸಾಲಿನಲ್ಲಿ ಎಣಿಸುತ್ತಾರೆ. 1937ರ ನವೆಂಬರ್ 23ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ವಾರವಿರುವಾಗ, ಗಿರಿಡೀಹ್‌ನಲ್ಲಿ ಬೋಸರು ಕೊನೆಯುಸಿರೆಳೆದರು.

ಒತ್ತುಕೀಲಿಯ ಜಾಗದಲ್ಲಿ ಟ್ರಾನ್ಸಿಸ್ಟರ್

ಬೋಸರು ತೀರಿಕೊಂಡ ಹತ್ತು ವರ್ಷಕ್ಕೆ, 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದೂ ಅರೆವಾಹಕದ ಹರಳಿಗೆ ಲೋಹದ ಮೊನೆ ತಾಗಿಸಿದ ಸಾಧನವೇ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಬ್ರಾಟನ್, ಅರೆವಾಹಕಗಳ ಇತಿಹಾಸ ಬರೆಯುವಾಗ, ರೇಡಿಯೋ ಅಲೆ ಹಿಡಿಯಲು ಹರಳನ್ನು ಮೊದಲು ಬಳಸಿದ ಗೌರವವನ್ನು ಬೋಸರಿಗೆ ಸಲ್ಲಿಸಿದ್ದಾರೆ.

ಇಂದು ಬ್ಯಾಟರಿಯಿಂದ ಹೆಚ್ಚಿನ ವೋಲ್ಟೇಜು ಪಡೆಯುವಾಗ ಬೋಸರ ಒತ್ತುಕೀಲಿಯ ಕೆಲಸವನ್ನು ಪವರ್ ಟ್ರಾನ್ಸಿಸ್ಟರ್ ಮಾಡುತ್ತದೆ. ಕಾಡುಹಂದಿ, ಆನೆ ತಡೆಯುವ ಸೋಲಾರ್ ಬೇಲಿಯ ಯಂತ್ರವನ್ನೇ ನೋಡಿ: 12 ವೋಲ್ಟಿನ ಬ್ಯಾಟರಿ, ಒಂದು ಟ್ರಾನ್ಸ್‌ಫಾರ್ಮರ್, ಅದನ್ನು ನಡೆಸುವ ಅರೆವಾಹಕಗಳು. ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು, ಸಾವಿರಾರು ವೋಲ್ಟಿನ ಒಂದು ಮಿಡಿತ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಬೋಸರ ಒಂದೇ ಕಿಡಿಯ ಮಿತವ್ಯಯವೇ ಇಲ್ಲಿ ಜೀವ ಉಳಿಸುತ್ತದೆ. ಇದನ್ನು ಬಿಟ್ಟು ಬೇಲಿಗೆ ನೇರವಾಗಿ ಮನೆಯ ಕರೆಂಟು ಕೊಡುವುದು ಕೊಲೆಗೆ ಸಮ. ಅದರಿಂದ ದನಕರುಗಳೂ ಮನುಷ್ಯರೂ ಸತ್ತ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ.

ಬೋಸರ ಗೋಲಿಗೆ ಬಂದ ತೊಂದರೆ ಟ್ರಾನ್ಸಿಸ್ಟರಿಗೂ ಬರುತ್ತದೆ. ಕರೆಂಟು ಕಡಿದ ಗಳಿಗೆಯಲ್ಲಿ ಪ್ರಾಥಮಿಕ ಸುರುಳಿಯೂ ಹಿಂದಕ್ಕೆ ಒದೆಯುತ್ತದೆ, ನೂರಾರು ವೋಲ್ಟು ಅದರಲ್ಲೇ ಹುಟ್ಟುತ್ತದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಸುಲಭವಾಗಿ ಸಿಗುವ 2ಎನ್3055 ಟ್ರಾನ್ಸಿಸ್ಟರ್ 15 ಆಂಪಿಯರ್ ಕರೆಂಟನ್ನು ತಾಳಬಲ್ಲದು, ಆದರೆ ವೋಲ್ಟೇಜು 60 ದಾಟಿದರೆ ಅದಕ್ಕೆ ಅಪಾಯ. ಹಳೆಯ ಟಿ.ವಿ.ಯ ಬಿಯು208 ಸುಮಾರು 1,500 ವೋಲ್ಟಿನ ಒದೆತವನ್ನು ತಡೆಯಬಲ್ಲದು, ಕರೆಂಟು ತಾಳುವುದು ಕಡಿಮೆ. ಕೈಗೆ ಸಿಕ್ಕಿದ್ದನ್ನು ಹಾಗೆಯೇ ಜೋಡಿಸಿದರೆ ಅದು ಸುಡುತ್ತದೆ. ಅದನ್ನು ಸುಡುವುದು ಯಾವುದು ಎಂದು ಮೊದಲು ತಿಳಿದು, ಒದೆತವನ್ನು ಹೀರಲು ಕೆಪಾಸಿಟರು, ಬಿಸಿ ಹೊರಹಾಕಲು ಅಲ್ಯೂಮಿನಿಯಂ ತಗಡು ಸೇರಿಸಿದರೆ ಸಿಕ್ಕಿದ್ದೇ ಸಾಕಾಗುತ್ತದೆ. ಕೊರತೆಯಲ್ಲಿ ಕೆಲಸ ಮಾಡುವ ವಿದ್ಯೆ ಇದೇ: ಸಾಮಾನು ಯಾವುದಾದರೂ ಇರಲಿ, ಅದರ ಮಿತಿ ಗೊತ್ತಿರಬೇಕು. ಹೆಚ್ಚಿನ ವೋಲ್ಟೇಜಿನ ಯಾವುದೇ ಪ್ರಯೋಗವನ್ನು ವಿದ್ಯಾರ್ಥಿಗಳು ವಿಜ್ಞಾನ ಶಿಕ್ಷಕರ ಎದುರಿನಲ್ಲಿಯೇ ಮಾಡಬೇಕು ಎಂಬ ಎಚ್ಚರಿಕೆಯನ್ನೂ ಇಲ್ಲಿ ಹೇಳಲೇಬೇಕು.

ನಮ್ಮ ಶಾಲೆಗೆ ಐವತ್ತು ತುಂಬಿದೆ. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ, ಬಡ ಪ್ರಯೋಗಾಲಯ ಎಂದು ನಮ್ಮ ಮಕ್ಕಳೇ ತಮ್ಮನ್ನು ಕಡಿಮೆ ಎಣಿಸಿಕೊಳ್ಳುವುದುಂಟು. ಅನುದಾನ ಬೇಡವೆಂದು ಇದರ ಅರ್ಥವಲ್ಲ. ಸಮಾನ ಸಂಬಳಕ್ಕಾಗಿ ಮೂರು ವರ್ಷ ಪಟ್ಟು ಹಿಡಿದ ಬೋಸರು ನ್ಯಾಯವಾದುದನ್ನು ಕೇಳಿ ಪಡೆಯುವುದನ್ನೂ ಕಲಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳು, ಊರ ಹಿರಿಯರು ಕೂಡಿ ಪ್ರಯೋಗಾಲಯಕ್ಕೆ ಹೊಸ ಉಪಕರಣ ತರಿಸೋಣ. ಜೊತೆಗೆ ಬೀರುವಿನಲ್ಲಿ ಧೂಳು ಹಿಡಿದ ಹಳೆಯ ಉಪಕರಣಗಳನ್ನೂ ಹೊರತೆಗೆದು ಮಕ್ಕಳ ಕೈಗೆ ಕೊಡೋಣ. ಬೆಸ್ತರ ಹುಡುಗನ ಪಕ್ಕದಲ್ಲಿ ಕುಳಿತು ತಾಯ್ನುಡಿಯಲ್ಲಿ ಅಕ್ಷರ ತಿದ್ದಿದವರು, ತಗಡಿನ ಕೆಲಸದವನೊಡನೆ ಕೂಡಿ ಜಗತ್ತು ಮೆಚ್ಚುವ ಯಂತ್ರ ಕಟ್ಟಿದ್ದು ಕಟ್ಟುಕಥೆಯಲ್ಲ, ನಡೆದ ಸಂಗತಿ.